ಶಾಲೆಗೆ ಸಾಲ ಮಾಡಿ, ಆದರೆ ನಮ್ಮನ್ನು ಕೇಳಿ ಮಾಡಿ!



ನಾನು ದೊಡ್ಡ ಓದಿನವನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದವನು. ಅಚ್ಚುಮೊಳೆ ಜೋಡಿಸುವುದರಿಂದ ಹಿಡಿದು ಇವತ್ತಿನ ಆಫ್‌ಸೆಟ್ ಮಷಿನ್ನಿನವರೆಗೆ ಕೈಗೆ ಮಸಿ ಮೆತ್ತಿಕೊಂಡೇ ಬದುಕಿದವನು. ವೇದಿಕೆ ಹತ್ತಿ ಭಾಷಣ ಮಾಡಲು ನನಗೆ ಬರುವುದಿಲ್ಲ. ನನ್ನ ಮೇಜಿನ ಮೇಲೆ ಬಂದು ಕೂತ ಎರಡು ಕಾಗದಗಳ ಕತೆ ಹೇಳುತ್ತೇನೆ. ತೀರ್ಮಾನ ನಿಮ್ಮದು.

ಮೊದಲನೆಯ ಕಾಗದ

ಏಪ್ರಿಲ್, ಮೇ ಬಂತೆಂದರೆ ನಮಗೆ ಸುಗ್ಗಿ. ಒಂದು ಕಡೆ ಮದುವೆ ಕಾರ್ಡು, ಇನ್ನೊಂದು ಕಡೆ ಶಾಲೆಗಳ ಹ್ಯಾಂಡ್‌ಬಿಲ್ಲು. ಹೀಗೆ ಒಂದು ಬೇಸಿಗೆಯ ಸಂಜೆ ಮಷಿನ್ನಿನ ಮೇಲೆ ಒಂದು 'ಇಂಟರ್‌ನ್ಯಾಷನಲ್' ಶಾಲೆಯ ಕೆಲಸ ಓಡುತ್ತಿತ್ತು. ಆರ್ಟ್ ಪೇಪರ್, ನಾಲ್ಕು ಬಣ್ಣ. ಈಜುಕೊಳ, ಲ್ಯಾಬು, ಸ್ಮಾರ್ಟ್ ಕ್ಲಾಸು, ಟೈ ಕಟ್ಟಿದ ಮಕ್ಕಳು. ಆಗ ಬಾಗಿಲ ಹತ್ತಿರ ಒಬ್ಬ ಹೆಂಗಸು ಬಂದು ನಿಂತರು.

"ಸಾರ್, ಒಂದೇ ಕಲರ್‌ನಲ್ಲಿ ಐನೂರು ಹ್ಯಾಂಡ್‌ಬಿಲ್ಲಿಗೆ ಎಷ್ಟಾಗುತ್ತೆ?"

ನಮ್ಮ ಏರಿಯಾದ ಸರ್ಕಾರಿ ಕನ್ನಡ ಶಾಲೆಯ ಹೆಡ್‌ಮಿಸ್ಸು. ಮಕ್ಕಳ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ, ಹೀಗೇ ಆದರೆ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಿ ಬೀಗ ಹಾಕುತ್ತಾರೆ ಎಂಬ ಭಯ ಅವರಿಗೆ. ಹ್ಯಾಂಡ್‌ಬಿಲ್ಲಿನ ದುಡ್ಡು ಇಲಾಖೆಯದಲ್ಲ, ಅವರ ಸ್ವಂತ ಪರ್ಸಿನದು. ಮ್ಯಾಟರ್ ಬರೆದು ತಂದಿದ್ದರು. ಬಿಸಿಯೂಟ, ಹಾಲು, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲ ಉಚಿತ, ನುರಿತ ಶಿಕ್ಷಕರು. ಅಷ್ಟೇ. ಅರ್ಧ ಪುಟ ಖಾಲಿ ಉಳಿಯಿತು.

"ಮೇಡಂ, ಇನ್ನೊಂದು ನಾಲ್ಕು ಪಾಯಿಂಟ್ ಹಾಕೋಣ. ಕಂಪ್ಯೂಟರ್ ಇದೆಯಾ?"

"ಇದೆ ಸಾರ್, ದಾನಿಗಳು ಕೊಟ್ಟಿದ್ದು. ಡಬ್ಬದಲ್ಲೇ ಇದೆ. ವೈರಿಂಗ್ ಹಳೇದು, ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಷಾಕ್ ಹೊಡೆಯುತ್ತೆ."

"ಲೈಬ್ರರಿ?"

"ಬೀರು ಇದೆ."

"ಹೆಣ್ಣುಮಕ್ಕಳಿಗೆ ಶೌಚಾಲಯ?"

ಮೇಡಂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅದನ್ನ ಹಾಕಬೇಡಿ ಸಾರ್. ಕಟ್ಟಿದ್ದಾರೆ, ನೀರಿನ ಕನೆಕ್ಷನ್ ಕೊಟ್ಟಿಲ್ಲ" ಎಂದರು.

ನಾನು ಕಾಗದದ ಖರ್ಚು ಮಾತ್ರ ತೆಗೆದುಕೊಂಡು ಅಚ್ಚು ಹಾಕಿ ಕೊಟ್ಟೆ. ಅದೇನು ದೊಡ್ಡ ಉಪಕಾರವಲ್ಲ. ಯಾಕೆಂದರೆ ಆ ಮೇಡಂ ಎದುರು ನಾನು ಒಂದು ಮಾತು ಮುಚ್ಚಿಟ್ಟೆ, ಈಗ ನಿಮ್ಮ ಮುಂದೆ ಹೇಳುತ್ತೇನೆ. ನಾನೇ ಕನ್ನಡ ಶಾಲೆಯಲ್ಲಿ ಓದಿದವನು. ನವೆಂಬರ್ ಒಂದಕ್ಕೆ ಪ್ರೆಸ್ಸಿನ ಮುಂದೆ ಬಾವುಟ ಕಟ್ಟುವವನು. ಆದರೆ ನನ್ನ ಮಗಳನ್ನು ಓದಿಸಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಸೇರಿಸುವ ಮೊದಲು ನಾನೂ ನನ್ನ ಹೆಂಡತಿಯೂ ಒಂದು ಸರ್ಕಾರಿ ಶಾಲೆ ನೋಡಿ ಬಂದಿದ್ದೆವು. ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಬೆಳಗ್ಗೆಯಿಂದ ಸಾಯಂಕಾಲದವರೆಗೆ ಹೆಣ್ಣು ಮಗು ಎಲ್ಲಿಗೆ ಹೋಗಬೇಕು ರೀ?" ಕನ್ನಡದ ಮೇಲೆ ನನಗಿದ್ದ ಅಭಿಮಾನವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಇದು ನನ್ನೊಬ್ಬನ ಮನೆಯ ಕತೆಯಲ್ಲ ಎಂದು ನಿಮಗೂ ಗೊತ್ತು.

ಎರಡನೆಯ ಕಾಗದ

ನನ್ನ ಅಕ್ಕನ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಾಂತಾ ಕ್ಲಾರಾ ಕೌಂಟಿಯಲ್ಲಿದ್ದಾನೆ. ಅಲ್ಲಿನ ಪೌರತ್ವ ಪಡೆದು ವೋಟು ಹಾಕುತ್ತಾನೆ. ಊರಿಗೆ ಬಂದಾಗ "ಮಾವ, ನಿಮಗೆ ಚಾಕೊಲೇಟ್ ಬೇಡ, ಪ್ರಿಂಟಿಂಗ್ ನೋಡಿ" ಅಂತ ಎರಡು ಪುಸ್ತಕ ಕೊಟ್ಟ. 2024ರ ನವೆಂಬರ್ ಚುನಾವಣೆಗೆ ಮೊದಲು ಮತದಾರರ ಮನೆಗೆ ಅಂಚೆಯಲ್ಲಿ ಬಂದ ಪುಸ್ತಕಗಳು. ಒಂದು ರಾಜ್ಯದ್ದು, ಇನ್ನೊಂದು ಕೌಂಟಿಯದ್ದು. ನಾನು ಮೊದಲು ಕಾಗದ ನೋಡಿದೆ. ಸಾದಾ ಕಾಗದ, ಮೋಜಿಲ್ಲ. ಆಮೇಲೆ ಅವನನ್ನೇ ಕೂರಿಸಿಕೊಂಡು ಓದಿಸಿದೆ. ಓದುತ್ತಾ ಹೋದ ಹಾಗೆ ನನಗೆ ಹೊಟ್ಟೆಯಲ್ಲಿ ಏನೋ ಸಂಕಟ.

ಅಲ್ಲಿ ಶಾಲೆಗಳನ್ನು ನಡೆಸುವುದಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ವ್ಯವಸ್ಥೆ. ನಮ್ಮ ನಗರಸಭೆ, ಪಾಲಿಕೆ ಇದ್ದ ಹಾಗೆ ಅದಕ್ಕೂ ಜನ ಆರಿಸಿದ ಮಂಡಳಿ ಇರುತ್ತದೆ. ಶಾಲೆಯ ಸೂರು ಸೋರುತ್ತಿದೆ, ಲ್ಯಾಬು ಹಳತಾಗಿದೆ, ವೈರಿಂಗ್ ಬದಲಿಸಬೇಕು ಎಂದಾಗ ಆ ಮಂಡಳಿ ಬಾಂಡ್ ಮಾರಿ ಸಾಲ ಎತ್ತಬಹುದು. ಬಾಂಡ್ ಎಂದರೆ ಬೇರೇನಲ್ಲ, ಸಾಲಪತ್ರ. ಆ ಸಾಲವನ್ನು ಆ ಊರಿನವರ ಮನೆ ಕಂದಾಯದ ಮೇಲೆ ಸ್ವಲ್ಪ ಸ್ವಲ್ಪ ಸೇರಿಸಿ ಇಪ್ಪತ್ತು ಮೂವತ್ತು ವರ್ಷ ತೀರಿಸುತ್ತಾರೆ. ಆದರೆ ಮಂಡಳಿ ತನ್ನಷ್ಟಕ್ಕೆ ತಾನೇ ಸಾಲ ಎತ್ತುವ ಹಾಗಿಲ್ಲ. ಪ್ರಸ್ತಾವವನ್ನು ಚುನಾವಣೆಯಲ್ಲಿ ಜನರ ಮುಂದಿಡಬೇಕು. ಬೇಕು ಅಥವಾ ಬೇಡ ಎಂದು ಜನ ಓಟು ಹಾಕಬೇಕು. ಮೊದಲು ಮೂರರಲ್ಲಿ ಎರಡು ಪಾಲು ಜನ ಬೇಕು ಎನ್ನಬೇಕಿತ್ತು. 2000ದ ನವೆಂಬರ್‌ನಲ್ಲಿ 'ಪ್ರಪೋಸಿಷನ್ 39' ಎಂಬ ತಿದ್ದುಪಡಿಗೆ ಜನರೇ ಓಟು ಹಾಕಿ ಅದನ್ನು ಶೇಕಡಾ 55ಕ್ಕೆ ಇಳಿಸಿದರು.

ಇಳಿಸಿದ್ದಕ್ಕೆ ಷರತ್ತುಗಳಿವೆ, ಕೇಳಿ. ಯಾವ ಶಾಲೆಯಲ್ಲಿ ಯಾವ ಕೆಲಸ ಎಂಬ ಪಟ್ಟಿ ಮೊದಲೇ ಕೊಡಬೇಕು. ಬಾಂಡಿನ ದುಡ್ಡನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ವರ್ಷಕ್ಕೊಮ್ಮೆ ಹೊರಗಿನವರಿಂದ ಲೆಕ್ಕ ತಪಾಸಣೆ ಆಗಬೇಕು. ಕಡೇಪಕ್ಷ ಏಳು ಜನ ನಾಗರಿಕರ ಉಸ್ತುವಾರಿ ಸಮಿತಿ ಇರಬೇಕು, ಅದರಲ್ಲಿ ಮಕ್ಕಳ ತಂದೆ ತಾಯಿ, ತೆರಿಗೆ ಕಟ್ಟುವವರ ಸಂಘದವರು, ಹಿರಿಯ ನಾಗರಿಕರು, ವ್ಯಾಪಾರಿಗಳು ಇರಬೇಕು. ಆ ಡಿಸ್ಟ್ರಿಕ್ಟಿನ ನೌಕರ, ಕಂಟ್ರಾಕ್ಟರ್, ಸಾಮಾನು ಸರಬರಾಜು ಮಾಡುವವನು ಇವರು ಯಾರೂ ಆ ಸಮಿತಿಯಲ್ಲಿ ಕೂರುವ ಹಾಗಿಲ್ಲ! ನಮ್ಮಲ್ಲಿ ಇಂಥ ನಿಯಮ ತಂದರೆ ಎಷ್ಟು ಸಮಿತಿಗಳು ಖಾಲಿ ಆಗುತ್ತವೆ, ಸ್ವಲ್ಪ ಎಣಿಸಿ ನೋಡಿ.

ಮನೆ ಕಂದಾಯಕ್ಕೆ ಎಷ್ಟು ಹೊರೆ ಬೀಳುತ್ತದೆ ಎಂದೂ ಪುಸ್ತಕದಲ್ಲಿ ಹಾಕುತ್ತಾರೆ. ಮನೆಯ ತೆರಿಗೆ ಬೆಲೆ 1 ಲಕ್ಷ ಡಾಲರ್ ಇದ್ದರೆ ವರ್ಷಕ್ಕೆ ಇಷ್ಟು ಡಾಲರ್ ಎಂಬ ಲೆಕ್ಕ. ಒಂದನೇ ಕ್ಲಾಸಿನಿಂದ ಹೈಸ್ಕೂಲಿನವರೆಗೆ ನಡೆಸುವ ಡಿಸ್ಟ್ರಿಕ್ಟು ಶೇಕಡಾ 55ರ ಒಂದು ಬಾಂಡಿಗೆ ಅಂದಾಜು 60 ಡಾಲರ್ ಮೀರುವ ಹಾಗಿಲ್ಲ. ಪ್ರೆಸ್ಸಿನವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಪ್ರಸ್ತಾವದ ಪರವಾಗಿ ಒಂದು ವಾದ, ಅದರ ಕೆಳಗೇ ವಿರೋಧವಾಗಿ ಒಂದು ವಾದ. ಒಬ್ಬರಿಗೊಬ್ಬರು ಕೊಟ್ಟ ಉತ್ತರವೂ ಉಂಟು. ಎರಡೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಪುಸ್ತಕದಲ್ಲಿ. ತನ್ನ ಯೋಜನೆಯನ್ನು ಬೈಯುವ ಮಾತನ್ನೂ ಆಡಳಿತವೇ ಅಚ್ಚು ಹಾಕಿಸಿ ಮನೆಮನೆಗೆ ಕಳಿಸುತ್ತದೆ. ನಾನು ಇಷ್ಟು ವರ್ಷ ಸರ್ಕಾರದ ಎಷ್ಟೋ ಕರಪತ್ರ ನೋಡಿದ್ದೇನೆ. ಮಂತ್ರಿಗಳ ಫೋಟೋ ಎಷ್ಟು ದೊಡ್ಡದಿರಬೇಕು ಎಂಬುದನ್ನು ಬಿಟ್ಟು ಬೇರೆ ವಾದ ನಡೆದದ್ದು ನೋಡಿಲ್ಲ.

ಇನ್ನೊಂದು ಮಾತು, ಇದು ನಮ್ಮ ಪತ್ರಿಕೆಯ ಓದುಗರಿಗೆ. ರಾಜ್ಯದ ಆ ಪುಸ್ತಕ ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್, ಚೀನಿ, ವಿಯೆಟ್ನಾಮಿ, ಕೊರಿಯನ್, ಹಿಂದಿ ಮುಂತಾದ ಭಾಷೆಗಳಲ್ಲೂ ಸಿಗುತ್ತದೆ. ಕನ್ನಡ ಇಲ್ಲವಲ್ಲ ಎಂದು ನನ್ನ ಹೊಟ್ಟೆಯೂ ಉರಿಯಿತು. ಆಮೇಲೆ ಯೋಚಿಸಿದೆ. ನಮ್ಮ ಊರಿನ ಶಾಲೆಗೆ ರೂಮು ಕಟ್ಟುವ ಟೆಂಡರು, ಎಸ್ಟಿಮೇಟು ನಮಗೆ ಸಲೀಸಾಗಿ ಕನ್ನಡದಲ್ಲಿ ಓದಲು ಸಿಗುತ್ತದೆಯೇ? ಮೊದಲು ಇಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಅಲ್ಲೂ ಮೋಸ ಉಂಟು

ಅಮೆರಿಕ ಎಂದರೆ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಸ್ಯಾನ್ ಡಿಯಾಗೋ ಹತ್ತಿರ ಪೋವೇ ಎಂಬ ಡಿಸ್ಟ್ರಿಕ್ಟು 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಸಾಲ ಎತ್ತಿತು. ಹೊಸ ತೆರಿಗೆ ಹಾಕುವುದಿಲ್ಲ ಎಂದು ತೋರಿಸಿಕೊಳ್ಳಲು ಕಂತನ್ನೆಲ್ಲ ಇಪ್ಪತ್ತು ವರ್ಷ ಮುಂದಕ್ಕೆ ತಳ್ಳಿತು. ಕೊನೆಗೆ ತೀರಿಸಬೇಕಾದ ಮೊತ್ತ 100 ಕೋಟಿ ಡಾಲರ್ ಹತ್ತಿರ! ಇವತ್ತು ಬೆಂಚಿನ ಮೇಲೆ ಕೂತ ಮಗು ದೊಡ್ಡವನಾದ ಮೇಲೂ ಆ ಸಾಲ ತೀರಿಸುತ್ತಿರಬೇಕು. ಸುದ್ದಿ ಹೊರಬಿದ್ದು ಗಲಾಟೆ ಆಯಿತು. 2013ರಲ್ಲಿ ಅಸಲಿನ ನಾಲ್ಕು ಪಟ್ಟಿಗಿಂತ ಹೆಚ್ಚು ತೀರಿಸುವಂಥ ಸಾಲ ಮಾಡಬಾರದು ಎಂದು ರಾಜ್ಯ ಕಾನೂನು ಮಾಡಿತು. ಇನ್ನೊಂದು ದೋಷವೂ ಇದೆ. ಶ್ರೀಮಂತರ ಏರಿಯಾದಲ್ಲಿ ಮನೆ ಬೆಲೆ ಜಾಸ್ತಿ, ಹಾಗಾಗಿ ಸಾಲ ಸುಲಭ. ಬಡವರ ಏರಿಯಾದ ಶಾಲೆಗೆ ಅಷ್ಟು ಹುಟ್ಟುವುದಿಲ್ಲ.

ಜನ ಬೇಡ ಎಂದದ್ದೂ ಉಂಟು. 2020ರ ಮಾರ್ಚ್‌ನಲ್ಲಿ ಇಡೀ ರಾಜ್ಯದ ಶಾಲಾ ಕಾಲೇಜುಗಳಿಗೆ 1,500 ಕೋಟಿ ಡಾಲರ್ ಬಾಂಡ್ ಪ್ರಸ್ತಾವ ಬಂದಾಗ ಜನ ತಿರಸ್ಕರಿಸಿದರು. 2024ರ ನವೆಂಬರ್‌ನಲ್ಲಿ 1,000 ಕೋಟಿ ಡಾಲರಿನ ಪ್ರಸ್ತಾವ ಬಂತು, ಒಪ್ಪಿದರು. ಒಪ್ಪಿದರೋ ಬಿಟ್ಟರೋ ಅದು ಎರಡನೆಯ ಮಾತು. ಅವರನ್ನು ಕೇಳಿದರು ಎಂಬುದು ಮೊದಲನೆಯ ಮಾತು.

ನಮ್ಮನ್ನು ಕೇಳಿದವರು ಯಾರು?

ನಾವು ದುಡ್ಡು ಕೊಡುತ್ತಿಲ್ಲವೇ? ಕೊಡುತ್ತಿದ್ದೇವೆ ಸ್ವಾಮಿ, ಚೆನ್ನಾಗಿಯೇ ಕೊಡುತ್ತಿದ್ದೇವೆ. ಆದಾಯ ತೆರಿಗೆಯ ಮೇಲೆ ಶಿಕ್ಷಣದ ಸೆಸ್ 2004ರಲ್ಲಿ ಶೇಕಡಾ 2 ಎಂದು ಶುರುವಾಯಿತು, 2007ರಲ್ಲಿ 3 ಆಯಿತು, 2018ರಿಂದ ಆರೋಗ್ಯವನ್ನೂ ಸೇರಿಸಿ 4 ಆಗಿದೆ. ಸೆಸ್ ಹಣ ಕೇಂದ್ರ ಮತ್ತು ರಾಜ್ಯಗಳು ಹಂಚಿಕೊಳ್ಳುವ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ, ಪೂರ್ತಿ ದೆಹಲಿಯ ಕೈಯಲ್ಲಿ. ನಿಮ್ಮ ಸಂಬಳದಿಂದ ಶಾಲೆಯ ಹೆಸರಿನಲ್ಲಿ ಮುರಿದುಕೊಂಡ ದುಡ್ಡು ನಿಮ್ಮ ಬೀದಿಯ ಶಾಲೆಗೆ ಬಂತೋ ಇಲ್ಲವೋ ನೀವು ತಿಳಿಯುವುದು ಹೇಗೆ? ಮನೆ ಕಂದಾಯದ ಜೊತೆ ಗ್ರಂಥಾಲಯ ಸೆಸ್ ಬೇರೆ ಕಟ್ಟುತ್ತೀರಿ. ಆ ಶಾಲೆಯ ಲೈಬ್ರರಿ ಇನ್ನೂ ಒಂದು ಬೀರು.

ಸಾಲವೂ ನಮಗೆ ಹೊಸದಲ್ಲ. ಇಡೀ ದೇಶದಲ್ಲಿ ಮೊದಲು ಬಾಂಡ್ ತಂದ ಪಾಲಿಕೆ ನಮ್ಮ ಬೆಂಗಳೂರಿನದೇ, 1997ರಲ್ಲಿ, 125 ಕೋಟಿ ರೂಪಾಯಿ, ರಾಜ್ಯ ಸರ್ಕಾರದ ಖಾತರಿಯ ಮೇಲೆ. ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆ ಮಾಡುವುದಾಗಿ ಹೇಳಿತು. ಒಳ್ಳೆಯದು, ಶಾಲೆಗೆ ಖರ್ಚು ಮಾಡಬೇಡಿ ಎಂದು ನಾನು ಯಾಕೆ ಹೇಳಲಿ? ಆದರೆ ಅಭಿವೃದ್ಧಿ ಬ್ಯಾಂಕಿನವರು ಧರ್ಮಕ್ಕೆ ಕೊಡುವುದಿಲ್ಲ, ತೀರಿಸುವವರು ನೀವು. ದೊಡ್ಡ ಶಾಲೆ ಬಂದಾಗ ಪಕ್ಕದ ಸಣ್ಣ ಕನ್ನಡ ಶಾಲೆಯ ಗತಿ ಏನು, ಅಲ್ಲಿ ಕನ್ನಡ ಮಾಧ್ಯಮದ ಪಾಲೆಷ್ಟು, ಯಾವ ವಾರ್ಡಿಗೆ ಏನು ಬರುತ್ತದೆ ಎಂದು ನಿಮ್ಮ ಮನೆಗೆ ಯಾರಾದರೂ ಒಂದು ಹಾಳೆ ಕಳಿಸಿದರೇ?

ಕೇಳಬೇಕೆಂದರೂ ಬೆಂಗಳೂರಿನಲ್ಲಿ ಕೇಳುವವರೇ ಇಲ್ಲದ ಕಾಲ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ಚುನಾವಣೆ ವರ್ಷ ವರ್ಷ ಮುಂದಕ್ಕೆ ಹೋಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದವು. ಕಂದಾಯ ಮಾತ್ರ ಒಂದು ವರ್ಷವೂ ನಿಲ್ಲಲಿಲ್ಲ.

ಇದರ ನಡುವೆ ನಮ್ಮ ಮಾನ ಉಳಿಸಿದವರು ಯಾರು ಗೊತ್ತೇ? ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಮಾರಿದ ಹರೇಕಳ ಹಾಜಬ್ಬ. ತನಗೆ ಅಕ್ಷರ ಬಾರದಿದ್ದರೂ ತನ್ನೂರಿನ ಮಕ್ಕಳಿಗೆ ಶಾಲೆ ಬೇಕೆಂದು ದುಡ್ಡಿಗೆ ದುಡ್ಡು ಸೇರಿಸಿದರು, ಕಚೇರಿಗಳಿಗೆ ಅಲೆದರು, ಶಾಲೆ ತರಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆ ಆಯಿತು. ಅವರಿಗೆ ಕೈ ಮುಗಿಯೋಣ. ಜೊತೆಗೆ ನಾಚಿಕೆಯನ್ನೂ ಪಡೋಣ. ಖಜಾನೆ ಮಾಡಬೇಕಾದ ಕೆಲಸವನ್ನು ಹಣ್ಣಿನ ಬುಟ್ಟಿ ಮಾಡಬೇಕಾಯಿತಲ್ಲ!

ಕೋರ್ಟಿನಲ್ಲಿ ಸೋತದ್ದನ್ನು ಶಾಲೆಯಲ್ಲಿ ಗೆಲ್ಲಬೇಕು

ನಿಮ್ಮಲ್ಲಿ ಹಲವರು ಆಗ ಹುಟ್ಟಿರಲಿಲ್ಲ. 1994ರಲ್ಲಿ ರಾಜ್ಯ ಸರ್ಕಾರ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮ ಎಂದು ಆದೇಶ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟು ಖಾಸಗಿ ಶಾಲೆಗಳ ಪರ ನಿಂತಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆರಿಸುವವರು ತಂದೆ ತಾಯಿ ಎಂದು ತೀರ್ಪು ಕೊಟ್ಟಿತು. ಇಪ್ಪತ್ತು ವರ್ಷದ ಹೋರಾಟ ಅಲ್ಲಿಗೆ ಮುಗಿಯಿತು. 2019ರಲ್ಲಿ ಸರ್ಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು.

ತಂದೆ ತಾಯಿ ಆರಿಸುವುದಾದರೆ ಏನು ನೋಡಿ ಆರಿಸುತ್ತಾರೆ? ನನ್ನ ಹೆಂಡತಿ ನೋಡಿದ್ದನ್ನೇ ನೋಡುತ್ತಾರೆ. ಶೌಚಾಲಯ, ನೀರು, ಬೆಂಚು, ಲ್ಯಾಬು, ಕಾಂಪೌಂಡು. ಕನ್ನಡ ಶಾಲೆ ಎಂದರೆ ಸೋರುವ ಶಾಲೆ ಎಂಬ ಮಾತು ಹೋಗುವ ತನಕ ನಮ್ಮ ಯಾವ ಘೋಷಣೆಯೂ ಒಂದು ಮಗುವನ್ನು ಆ ಬಾಗಿಲಿಗೆ ತರುವುದಿಲ್ಲ. 2024ರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಎಂಬ ಕಾನೂನು ಆಯಿತು. ಸಂತೋಷ. ಆದರೆ ಇಪ್ಪತ್ತು ವರ್ಷ ಬಿಟ್ಟು ಆ ಬೋರ್ಡನ್ನು ಓದುವವರು ಬೇಕಲ್ಲ?

"ಕಟ್ಟಡ ಪಾಠ ಮಾಡುತ್ತದೆಯೇ, ಮೇಷ್ಟ್ರಿಲ್ಲದೆ ಲ್ಯಾಬು ಯಾಕೆ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಪ್ರೆಸ್ಸಿನ ಲೆಕ್ಕದಲ್ಲಿ ಉತ್ತರ ಹೇಳುತ್ತೇನೆ. ಹೊಸ ಮಷಿನ್ ತರಲು ನಾನು ಬ್ಯಾಂಕಿನಲ್ಲಿ ಸಾಲ ಮಾಡಿದ್ದೇನೆ, ತಪ್ಪಿಲ್ಲ. ಮಷಿನ್ ಹತ್ತು ಹದಿನೈದು ವರ್ಷ ದುಡಿಯುತ್ತದೆ, ಸಾಲವೂ ತೀರುತ್ತದೆ. ಆದರೆ ಹುಡುಗರ ಸಂಬಳಕ್ಕೆ ಸಾಲ ಮಾಡಿದ ಪ್ರೆಸ್ಸುಗಳಿಗೆ ಬೀಗ ಬಿದ್ದದ್ದು ಕಣ್ಣಾರೆ ನೋಡಿದ್ದೇನೆ. ಶಾಲೆಯೂ ಹಾಗೇ. ಮೇಷ್ಟ್ರ ಸಂಬಳ ವರ್ಷ ವರ್ಷದ ಬಜೆಟ್ಟಿನಿಂದ ಬರಬೇಕು, ಖಾಲಿ ಹುದ್ದೆ ತುಂಬುವುದು ಸರ್ಕಾರದ ಧರ್ಮ. ನಲವತ್ತು ವರ್ಷ ನಿಲ್ಲುವ ಕಟ್ಟಡಕ್ಕೆ ಸಾಲ ಮಾಡಿದರೆ ಅದು ಬುದ್ಧಿವಂತಿಕೆ. ಪಟ್ಟಿಯೂ ಇಲ್ಲ, ಲೆಕ್ಕವೂ ಇಲ್ಲ ಎಂದರೆ ಅದೇ ಸಾಲ ಕಂಟ್ರಾಕ್ಟರನ ಹಬ್ಬ.

ಹಾಗಾದರೆ ಏನು ಮಾಡಬೇಕು?

ನಾನು ಕೇಳುವುದು ಇಷ್ಟು. ಪಾಲಿಕೆಗಳು ಕನ್ನಡ ಶಾಲೆಗಳಿಗಾಗಿ ಬಾಂಡ್ ತರಲಿ. ಒಂದು ಏರಿಯಾ ಬಡವರದು ಎಂದು ಅಲ್ಲಿನ ಶಾಲೆಗೆ ಕಡಿಮೆ ಆಗದ ಹಾಗೆ ಇಡೀ ನಗರದ ಕಂದಾಯದಿಂದ ತೀರಲಿ. ವಾರ್ಡುವಾರು ಪಟ್ಟಿ ಕನ್ನಡದಲ್ಲಿ ಅಚ್ಚಾಗಲಿ, ಪರ ವಿರೋಧ ಎರಡೂ ಇರಲಿ, ವಾರ್ಡು ಸಮಿತಿಯಲ್ಲಿ ಚರ್ಚೆ ಆಗಿ ಚುನಾಯಿತ ಸದಸ್ಯರು ಕೈ ಎತ್ತಿ ಒಪ್ಪಿಗೆ ಕೊಡಲಿ. ಉಸ್ತುವಾರಿ ಸಮಿತಿಯಲ್ಲಿ ಕಂಟ್ರಾಕ್ಟರಿಗೆ ಜಾಗ ಬೇಡ, ನನ್ನಂಥ ಪ್ರೆಸ್ಸಿನವನು ಕೂತರೆ ಅವನಿಗೆ ಅಲ್ಲಿಯ ಪ್ರಿಂಟಿಂಗ್ ಆರ್ಡರ್ ಬೇಡ. ಖರ್ಚಿನ ಲೆಕ್ಕ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ. ಹೀಗೆ ಮಾಡಿದರೆ ನನ್ನ ಕಂದಾಯದ ಮೇಲೆ ಇನ್ನೊಂದಿಷ್ಟು ಸೇರಿಸಿ, ಒಂದು ಮಾತಾಡದೆ ಕಟ್ಟುತ್ತೇನೆ. ಇಲ್ಲವಾದರೆ ಒಂದು ಪೈಸೆಯ ಹೊಸ ಸೆಸ್ಸಿಗೂ ನನ್ನ ವಿರೋಧವಿದೆ.

ಇದೆಲ್ಲ ಆಗುವ ತನಕ ಕೈ ಕಟ್ಟಿ ಕೂರಬೇಡಿ. ಕಾನೂನಿನಲ್ಲಿ ಈಗಾಗಲೇ ನಮ್ಮ ಕೈಯಲ್ಲಿ ಆಯುಧ ಇದೆ. 2001ರಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಬಂದವು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಸರ್ಕಾರಿ ಶಾಲೆಗೂ ಇಂಥ ಸಮಿತಿ ಬೇಕು, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿ ಇರಬೇಕು, ಅರ್ಧ ಹೆಂಗಸರಿರಬೇಕು ಎನ್ನುತ್ತದೆ. ಆ ಸಮಿತಿ ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕು, ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ ಎಂದು 22ನೇ ಕಲಮಿನಲ್ಲಿದೆ. ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಕಾಂಪೌಂಡು, ಲೈಬ್ರರಿ ಇವೆಲ್ಲ ಅದೇ ಕಾಯಿದೆಯ ಅನುಸೂಚಿಯಲ್ಲಿವೆ, ಮೂರು ವರ್ಷದ ಗಡುವಿನೊಂದಿಗೆ. ಗಡುವು 2013ರಲ್ಲೇ ಮುಗಿಯಿತು!

ಆದ್ದರಿಂದ ಗೆಳೆಯರೇ, ನಿಮ್ಮ ಬೀದಿಯ ಒಂದು ಕನ್ನಡ ಶಾಲೆ ಹಿಡಿಯಿರಿ. ಒಂದು ದಿನ ಹೋಗಿ ಗೋಡೆಗೆ ಬಣ್ಣ ಬಳಿದು ಫೋಟೋ ಹಾಕಿ ಬರುವುದಕ್ಕಲ್ಲ. ಎಸ್‌ಡಿಎಂಸಿಯ ತಾಯಂದಿರ ಪಕ್ಕ ಕೂತು ಆ ಅಭಿವೃದ್ಧಿ ಯೋಜನೆ ಬರೆಯಲು ಸಹಾಯ ಮಾಡಿ. ಅವರಲ್ಲಿ ಎಷ್ಟೋ ಜನ ಮನೆಗೆಲಸ, ಗಾರ್ಮೆಂಟ್ಸ್ ಕೆಲಸ ಮಾಡುವವರು. ಕಚೇರಿಗೆ ಅಲೆಯಲು ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ನಿಮಗೆ ಹೋಗುವುದಿಲ್ಲ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಈ ಶಾಲೆಗೆ ಕಳೆದ ಮೂರು ವರ್ಷದಲ್ಲಿ ಎಷ್ಟು ಬಂತು, ಯಾವುದಕ್ಕೆ ಹೋಯಿತು? ಕನ್ನಡದಲ್ಲೇ ಬರೆಯಿರಿ, ಆ ಹಕ್ಕನ್ನು ಕಾಯಿದೆಯೇ ಕೊಟ್ಟಿದೆ. 30 ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರವನ್ನು ಇದೇ ಪತ್ರಿಕೆಗೆ ಕಳಿಸಿ.

ಆ ಹೆಡ್‌ಮಿಸ್ಸಿನ ಹ್ಯಾಂಡ್‌ಬಿಲ್ಲಿನ ಪ್ರೂಫನ್ನು ನಾನು ಎಸೆದಿಲ್ಲ. ಡ್ರಾಯರಿನಲ್ಲಿದೆ. ಕೆಳಗಿನ ಅರ್ಧ ಪುಟ ಖಾಲಿ. ಮುಂದಿನ ಏಪ್ರಿಲ್ಲಿಗೆ ಅವರು ಮತ್ತೆ ಬಂದಾಗ ಆ ಜಾಗದಲ್ಲಿ 'ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ' ಎಂಬ ಒಂದು ಸಾಲು ಅಚ್ಚು ಹಾಕಬೇಕು. ಅಷ್ಟಾದರೆ ಆ ಐನೂರು ಹ್ಯಾಂಡ್‌ಬಿಲ್ಲನ್ನು ನಾನೇ ಹೊತ್ತು ಮನೆಮನೆಗೆ ಹಂಚುತ್ತೇನೆ. ಜೊತೆಗೆ ಯಾರು ಬರುತ್ತೀರಿ?